ಆಕಾಶದಲ್ಲಿ ನಿಂತಂತೆ ಕಾಣುವ ವಿಮಾನ

ಲಾಸ್ ಏಂಜಲೀಸ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ದಕ್ಷಿಣ ಮಗ್ಗುಲಲ್ಲಿ ಪೂರ್ವ–ಪಶ್ಚಿಮವಾಗಿ ಹಾದುಹೋಗುವ 105ನೆಯ ಫ್ರೀವೇಯಲ್ಲಿ ಕಾರು ಓಡಿಸುವವರಿಗೂ, ಅಲ್ಲಿಂದ ಸುಮಾರು 190 ಕಿಲೋಮೀಟರ್ ದೂರದ ಸ್ಯಾನ್ ಡಿಯಾಗೋ ನಗರದ ಬಾಲ್ಬೋವಾ ಉದ್ಯಾನದಲ್ಲಿ ಅಡ್ಡಾಡುವವರಿಗೂ ಚೆನ್ನಾಗಿ ಪರಿಚಿತವಾದ ಒಂದು ನೋಟವಿದೆ. ಇಳಿಯಲು ಬರುತ್ತಿರುವ ಭಾರಿ ಪ್ರಯಾಣಿಕ ವಿಮಾನವೊಂದು ಚಕ್ರಗಳನ್ನು ಕೆಳಚಾಚಿ, ದೀಪಗಳನ್ನು ಬೆಳಗಿಸಿಕೊಂಡು, ಕಟ್ಟಡಗಳ ಮೇಲೆ ಕೆಲವು ಕ್ಷಣ ಕದಲದೆ ನಿಂತುಬಿಟ್ಟಂತೆ ತೋರುತ್ತದೆ. ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯಲು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲವಾದ್ದರಿಂದ, ಪ್ರಯಾಣಿಕ ವಿಮಾನವು ಗಾಳಿಯಲ್ಲಿ ನಿಜವಾಗಿಯೂ ನಿಲ್ಲಬಲ್ಲದೇ ಎಂಬ ಪ್ರಶ್ನೆ ಓದುಬರಹ ಬಲ್ಲವರಲ್ಲಿಯೂ ಮತ್ತೆ ಮತ್ತೆ ಏಳುತ್ತದೆ.

ನಿಲ್ಲಲಾರದು ಎಂಬುದೇ ಈ ಪ್ರಶ್ನೆಗೆ ವಿಜ್ಞಾನ ಕೊಡುವ ಉತ್ತರ. ಆದರೆ ಆ ಉತ್ತರದ ಹಿಂದೆ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ರೆಕ್ಕೆಯ ಮೇಲೆ ಭಾರ ಹೊತ್ತ ಯಂತ್ರಕ್ಕೆ ನಿಲುಗಡೆ ಏಕೆ ಅಸಾಧ್ಯವೆಂಬುದು ಮೊದಲನೆಯದು. ಓಡುತ್ತಿರುವ ವಸ್ತುವನ್ನು ಮನುಷ್ಯನ ಕಣ್ಣು ನಿಂತಿದೆಯೆಂದು ಏಕೆ ಬಗೆಯುತ್ತದೆಂಬುದು ಎರಡನೆಯದು. ಮೊದಲನೆಯದು ಭೌತವಿಜ್ಞಾನದ ಪಾಠವಾದರೆ ಎರಡನೆಯದು ಜೀವನ್ಮರಣದ ಪ್ರಶ್ನೆಯೇ ಆಗಿದ್ದು, ಅದಕ್ಕೆ ಈ ಎರಡೂ ನಗರಗಳು ದೊಡ್ಡ ಬೆಲೆ ತೆತ್ತಿವೆ.

ಎರಡು ನಗರಗಳ ಆಕಾಶ

ಲಾಸ್ ಏಂಜಲೀಸ್ ನಿಲ್ದಾಣದಲ್ಲಿ ಒಂದಕ್ಕೊಂದು ಸಮಾನಾಂತರವಾದ ನಾಲ್ಕು ರನ್‌ವೇಗಳಿದ್ದು, ಉತ್ತರದಲ್ಲಿ ಒಂದು ಜೋಡಿ, ದಕ್ಷಿಣದಲ್ಲಿ ಇನ್ನೊಂದು ಜೋಡಿ ಎಂಬಂತೆ ಅವು ಹಂಚಿಹೋಗಿವೆ. ಪಶ್ಚಿಮದಲ್ಲಿರುವ ಪೆಸಿಫಿಕ್ ಸಾಗರದಿಂದ ಗಾಳಿ ಬೀಸುವುದರಿಂದಲೂ, ವಿಮಾನಗಳು ಎದುರುಗಾಳಿಗೆ ಮುಖಮಾಡಿ ಏರಿಳಿಯುವುದು ಕ್ಷೇಮಕರವಾದ್ದರಿಂದಲೂ, ಹಗಲಿನಲ್ಲಿ ಸಾಮಾನ್ಯವಾಗಿ ಅವು ಪೂರ್ವದಿಂದ ಊರಿನ ಮೇಲೆ ಹಾದುಬಂದು ಇಳಿದು, ಸಮುದ್ರದ ಕಡೆಗೆ ಹಾರಿಹೋಗುತ್ತವೆ. ಜನರ ನಿದ್ದೆಗೆ ಭಂಗ ಬರಬಾರದೆಂದು ನಡುರಾತ್ರಿಯಿಂದ ಬೆಳಗಿನ ಆರೂವರೆಯವರೆಗೆ, ಹವಾಮಾನ ಅನುಕೂಲವಾಗಿದ್ದರೆ, ಸಮುದ್ರದ ಕಡೆಯಿಂದಲೇ ಇಳಿಸುವ ಪದ್ಧತಿಯೂ ಉಂಟು. ಸಂಜೆ ಕತ್ತಲಾದ ಮೇಲೆ ನಿಲ್ದಾಣದ ಬಳಿ ನಿಂತು ಪೂರ್ವಕ್ಕೆ ನೋಡಿದರೆ, ಸಾಲಾಗಿ ಬರುತ್ತಿರುವ ವಿಮಾನಗಳ ದೀಪಗಳು ಆಕಾಶದಲ್ಲಿ ಒಂದರ ಹಿಂದೊಂದು ಪೋಣಿಸಿಟ್ಟಂತೆ ನಿಶ್ಚಲವಾಗಿ ಕಾಣುತ್ತವೆ. ಅವುಗಳಲ್ಲಿ ಪ್ರತಿಯೊಂದೂ ಗಂಟೆಗೆ 250 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೋಡುಗನ ಕಡೆಗೇ ಬರುತ್ತಿರುತ್ತದೆ.

ಸ್ಯಾನ್ ಡಿಯಾಗೋ ನಿಲ್ದಾಣದ ಸ್ಥಿತಿ ಇನ್ನೂ ವಿಶಿಷ್ಟವಾದುದು. ನಗರದ ನಡುಭಾಗಕ್ಕೆ ಅಂಟಿಕೊಂಡಂತಿರುವ ಈ ನಿಲ್ದಾಣ 1928ರ ಆಗಸ್ಟ್‌ನಲ್ಲಿ ಲಿಂಡ್‌ಬರ್ಗ್ ಫೀಲ್ಡ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಚಾರ್ಲ್ಸ್ ಲಿಂಡ್‌ಬರ್ಗ್ 1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ, ಎಲ್ಲಿಯೂ ಇಳಿಯದೆ ದಾಟಿದ 'ಸ್ಪಿರಿಟ್ ಆಫ್ ಸೇಂಟ್ ಲೂಯಿಸ್' ವಿಮಾನ ತಯಾರಾದದ್ದು ಇದೇ ಊರಿನ ರಯಾನ್ ಕಾರ್ಖಾನೆಯಲ್ಲಿ. ಇಂದಿಗೂ ಇಲ್ಲಿರುವುದು ಸುಮಾರು 2,865 ಮೀಟರ್ ಉದ್ದದ ಒಂದೇ ಒಂದು ರನ್‌ವೇ. ಪೂರ್ವದಿಂದ ಬರುವ ವಿಮಾನಗಳು ಬಾಲ್ಬೋವಾ ಉದ್ಯಾನದ ಮೇಲೆ ಹಾದು, ಬ್ಯಾಂಕರ್ಸ್ ಹಿಲ್ ಬಡಾವಣೆಯ ಮನೆಗಳ ಮೇಲಿಂದ ಇಳಿಯುತ್ತ, 5ನೆಯ ಫ್ರೀವೇಯನ್ನು ದಾಟಿದೊಡನೆಯೇ ರನ್‌ವೇ ಮುಟ್ಟುತ್ತವೆ.

ಬಾಲ್ಬೋವಾ ಉದ್ಯಾನದಲ್ಲಿ 1935ರ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ, ಮುಂದೆ ಸ್ಟಾರ್‌ಲೈಟ್ ಬೌಲ್ ಎಂದು ಹೆಸರಾದ ಬಯಲು ರಂಗಮಂದಿರವು ಈ ಇಳಿಹಾದಿಯ ಕೆಳಗೇ ಇದೆ. ಅಲ್ಲಿ ಸಂಗೀತ ನಾಟಕಗಳು ನಡೆಯುತ್ತಿದ್ದ ಕಾಲದಲ್ಲಿ, ವಿಮಾನದ ಸದ್ದು ತಲೆಯ ಮೇಲೆ ಬಂದೊಡನೆ ನಟನಟಿಯರು ಮಾತು, ಹಾಡು, ಹೆಜ್ಜೆ ಎಲ್ಲವನ್ನೂ ತಡೆದು ಇದ್ದ ಭಂಗಿಯಲ್ಲೇ ಸ್ತಬ್ಧರಾಗಿ, ಸದ್ದು ಅಡಗಿದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುವುದು ರೂಢಿಯಾಗಿತ್ತು. ಪ್ರೇಕ್ಷಕರು ಈ ವಿರಾಮವನ್ನು ನಾಟಕದ ಅಂಗವೆಂದೇ ಸ್ವೀಕರಿಸಿದ್ದರು. ದೂರದಿಂದ ನಿಂತಂತೆ ಕಾಣುವ ಅದೇ ವಿಮಾನ, ನೇರ ತಲೆಯ ಮೇಲೆ ಬಂದಾಗ ನಟನೊಬ್ಬ ಕೈ ಎತ್ತಿ ಹಿಡಿದುಕೊಂಡಿರಬಹುದಾದಷ್ಟು ಹೊತ್ತಿನಲ್ಲಿ ದಾಟಿಹೋಗುತ್ತಿತ್ತು.

ರೆಕ್ಕೆಗೆ ವೇಗವೇ ಆಧಾರ

ವಿಮಾನವನ್ನು ಗಾಳಿಯಲ್ಲಿ ಎತ್ತಿಹಿಡಿಯುವುದು ಅದರ ರೆಕ್ಕೆಯೇ ಹೊರತು ಎಂಜಿನ್ ಅಲ್ಲ. ಎಂಜಿನ್‌ನ ಕೆಲಸ ವಿಮಾನವನ್ನು ಮುಂದಕ್ಕೆ ನೂಕುವುದು. ಹಾಗೆ ಮುನ್ನುಗ್ಗುವಾಗ ಎದುರಾಗುವ ಗಾಳಿಯನ್ನು ರೆಕ್ಕೆಯು ತನ್ನ ಬಾಗಿದ ಆಕಾರದಿಂದಲೂ ತುಸು ಮೇಲ್ಮುಖವಾದ ಓರೆಯಿಂದಲೂ ಕೆಳಕ್ಕೆ ತಿರುಗಿಸುತ್ತದೆ. ಗಾಳಿಯನ್ನು ಕೆಳಕ್ಕೆ ತಳ್ಳಿದಷ್ಟೇ ಬಲದಿಂದ ಗಾಳಿಯು ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಇದೇ ಮೇಲೆತ್ತುವ ಬಲ. ಈ ಬಲವು ಗಾಳಿಯ ಸಾಂದ್ರತೆ, ರೆಕ್ಕೆಯ ವಿಸ್ತೀರ್ಣ, ಅದರ ಆಕಾರ ಮತ್ತು ಓರೆ ಇವುಗಳ ಜೊತೆಗೆ ಮುಖ್ಯವಾಗಿ ವೇಗದ ವರ್ಗವನ್ನು, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದಾಗ ಬರುವ ಗುಣಲಬ್ಧವನ್ನು, ಅವಲಂಬಿಸಿದೆ. ಆದ್ದರಿಂದ ಉಳಿದುದೆಲ್ಲ ಹಾಗೆಯೇ ಇದ್ದು ವೇಗ ಅರ್ಧಕ್ಕೆ ಇಳಿದರೆ ಮೇಲೆತ್ತುವ ಬಲ ಕಾಲು ಭಾಗಕ್ಕೆ ಕುಸಿಯುತ್ತದೆ; ವೇಗ ಸೊನ್ನೆಯಾದರೆ ಬಲವೂ ಸೊನ್ನೆಯೇ.

ಬೋಯಿಂಗ್ 737–800 ಎಂಬ, ಭಾರತದಲ್ಲಿಯೂ ಅಮೆರಿಕದಲ್ಲಿಯೂ ಬಳಕೆಯಲ್ಲಿರುವ ವಿಮಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಳಿಯುವ ಹೊತ್ತಿಗೆ ಸುಮಾರು 60 ಟನ್ ತೂಗುವ ಈ ವಿಮಾನದ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್ ಇರುತ್ತದೆ. ಇಷ್ಟು ಕಡಿಮೆ ವೇಗದಲ್ಲಿಯೂ ಅದು ಬೀಳದೆ ಇರಲು ಕಾರಣ, ಪೈಲಟ್ ರೆಕ್ಕೆಯ ಹಿಂಬದಿಯಿಂದ ಫ್ಲ್ಯಾಪ್ ಎಂಬ ಹಲಗೆಗಳನ್ನೂ ಮುಂಬದಿಯಿಂದ ಸ್ಲ್ಯಾಟ್ ಎಂಬ ಅಂಚುಗಳನ್ನೂ ಹೊರಚಾಚಿ, ರೆಕ್ಕೆಯ ಬಾಗು ಮತ್ತು ಹರವು ಎರಡನ್ನೂ ಹೆಚ್ಚಿಸಿರುತ್ತಾನೆ ಎಂಬುದು. ಕಿಟಕಿಯ ಪಕ್ಕ ಕುಳಿತ ಪ್ರಯಾಣಿಕರಿಗೆ ಇಳಿಯುವ ಮುನ್ನ ರೆಕ್ಕೆಯು ಹಿಂದಕ್ಕೆ ಬಿಚ್ಚಿಕೊಂಡಂತೆ ಕಾಣುವುದು ಇದರಿಂದಲೇ. ಇದೇ ವಿಮಾನ ನಗರದ ಕಾರಿನಂತೆ ಗಂಟೆಗೆ 70 ಕಿಲೋಮೀಟರ್ ವೇಗಕ್ಕೆ ಇಳಿದರೆ, ಅದರ ರೆಕ್ಕೆ ಹೊರಬಲ್ಲದ್ದು ಬೇಕಾದ ಭಾರದ ಹದಿನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ.

ವೇಗ ತಗ್ಗಿದಾಗ ರೆಕ್ಕೆಯ ಓರೆಯನ್ನು ಹೆಚ್ಚಿಸಿ ನಷ್ಟವನ್ನು ತುಂಬಿಕೊಳ್ಳಬಹುದಾದರೂ ಅದಕ್ಕೊಂದು ಮಿತಿಯಿದೆ. ಓರೆಯು ಒಂದು ಹಂತವನ್ನು ಮೀರಿದರೆ, ರೆಕ್ಕೆಯ ಮೇಲ್ಮೈಗೆ ಹತ್ತಿಕೊಂಡು ಹರಿಯುತ್ತಿದ್ದ ಗಾಳಿ ಅದರಿಂದ ಬಿಡಿಸಿಕೊಂಡು ಸುಳಿಸುಳಿಯಾಗಿ ಚದುರುತ್ತದೆ. ಮೇಲೆತ್ತುವ ಬಲ ಥಟ್ಟನೆ ಕುಸಿಯುತ್ತದೆ. ವೈಮಾನಿಕರು ಇದನ್ನು ಸ್ಟಾಲ್ ಎನ್ನುತ್ತಾರೆ. ಇಳಿಯುವಾಗಿನ ವೇಗವನ್ನು ಸ್ಟಾಲ್ ವೇಗಕ್ಕಿಂತ ಸಾಕಷ್ಟು ಮೇಲಿರುವಂತೆ ಕಾಯ್ದುಕೊಳ್ಳುವುದು ಪೈಲಟ್‌ಗಳ ತರಬೇತಿಯ ಮೊದಲ ಪಾಠಗಳಲ್ಲೊಂದು. ನಿಲ್ಲುವುದಿರಲಿ, ನಿಗದಿತ ಮಿತಿಗಿಂತ ನಿಧಾನವಾಗುವುದೂ ಪ್ರಯಾಣಿಕ ವಿಮಾನಕ್ಕೆ ಗಂಡಾಂತರವೇ.

ನಿಲ್ದಾಣದಲ್ಲಿ ಜಾಗವಿಲ್ಲದೆ ಕಾಯಬೇಕಾಗಿ ಬಂದಾಗಲೂ ವಿಮಾನ ನಿಲ್ಲುವುದಿಲ್ಲ. ಹೋಲ್ಡಿಂಗ್ ಎಂದು ಕರೆಯುವ ಕ್ರಮದಲ್ಲಿ ಅದು ಗೊತ್ತುಪಡಿಸಿದ ಎತ್ತರದಲ್ಲಿ ಓಟದ ಮೈದಾನದ ಆಕಾರದ ಹಾದಿಯನ್ನು ಸುತ್ತುತ್ತಿರುತ್ತದೆ. ಎರಡು ನೇರ ಹಾದಿಗಳಿಗೆ ಒಂದೊಂದು ನಿಮಿಷ, ಎರಡು ತಿರುವುಗಳಿಗೆ ಒಂದೊಂದು ನಿಮಿಷ, ಹೀಗೆ ಸಾಮಾನ್ಯವಾಗಿ ನಾಲ್ಕು ನಿಮಿಷಕ್ಕೊಂದು ಸುತ್ತು. ಗಾಳಿಯಲ್ಲಿ ಕಾಯುವುದೆಂದರೆ ಸುತ್ತುತ್ತ ಕಾಯುವುದು ಎಂದೇ ಅರ್ಥ.

ಎಂಜಿನ್ ಬಲದ ಮೇಲೆಯೇ ನಿಲ್ಲಲಾಗದೇ?

ರೆಕ್ಕೆಯ ಹಂಗಿಲ್ಲದೆ ಎಂಜಿನ್‌ನ ಬಲದಿಂದಲೇ ವಿಮಾನವನ್ನು ಎತ್ತಿಹಿಡಿಯಬಾರದೇಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಲೆಕ್ಕದಲ್ಲಿದೆ. 737–800ರ ಎರಡು ಎಂಜಿನ್‌ಗಳು ಪೂರ್ಣ ಶಕ್ತಿಯಲ್ಲಿ ಒಟ್ಟಾಗಿ ಹೊಮ್ಮಿಸುವ ನೂಕುಬಲ ಸುಮಾರು 25 ಟನ್ ಭಾರವನ್ನು ಎತ್ತುವಷ್ಟು ಮಾತ್ರ. ಪೂರ್ತಿ ತುಂಬಿದ ವಿಮಾನದ ತೂಕವಾದರೋ 79 ಟನ್‌ವರೆಗೂ ಇರುತ್ತದೆ. ಎಂಜಿನ್‌ಗಳನ್ನು ನೆಲದ ಕಡೆಗೆ ತಿರುಗಿಸಿದರೂ ಅವು ವಿಮಾನದ ಮೂರರಲ್ಲಿ ಒಂದು ಪಾಲು ಭಾರವನ್ನಷ್ಟೇ ಹೊರಬಲ್ಲವು.

ಇದು ಎಂಜಿನ್‌ನ ಕೊರತೆಯೆಂದು ತಿಳಿಯಬೇಕಾಗಿಲ್ಲ. ರೆಕ್ಕೆಯ ಹಿರಿಮೆಯನ್ನು ತೋರಿಸುವ ಸಂಗತಿಯಿದು. ಆಧುನಿಕ ಪ್ರಯಾಣಿಕ ವಿಮಾನ ಎತ್ತರದಲ್ಲಿ ಸಮನಾಗಿ ಹಾರುವಾಗ, ಗಾಳಿಯ ತಡೆಯನ್ನು ಮೀರಲು ಅದರ ತೂಕದ ಸುಮಾರು ಹದಿನೇಳರಲ್ಲಿ ಒಂದು ಪಾಲು ನೂಕುಬಲ ಸಾಕು. ಉಳಿದ ಕೆಲಸವನ್ನು ರೆಕ್ಕೆ ಮಾಡುತ್ತದೆ. ಭಾರವಾದ ಮೂಟೆಯನ್ನು ಗಾಡಿಯ ಮೇಲಿಟ್ಟು ತಳ್ಳುವುದಕ್ಕೂ ತಲೆಯ ಮೇಲೆ ಹೊತ್ತು ನಿಲ್ಲುವುದಕ್ಕೂ ಎಷ್ಟು ಅಂತರವೋ, ರೆಕ್ಕೆಯ ಮೇಲೆ ಹಾರುವುದಕ್ಕೂ ಎಂಜಿನ್ ಬಲದ ಮೇಲೆ ನಿಲ್ಲುವುದಕ್ಕೂ ಅಷ್ಟೇ ಅಂತರ. ನೂರಾರು ಜನರನ್ನು ಸಾಮಾನ್ಯರ ಕೈಗೆಟಕುವ ದರದಲ್ಲಿ ಖಂಡಾಂತರ ಸಾಗಿಸಲು ಸಾಧ್ಯವಾಗಿರುವುದು ಈ ಉಳಿತಾಯದಿಂದಲೇ.

ಎದುರುಗಾಳಿಯ ಮಾತು

ರೆಕ್ಕೆಗೆ ಬೇಕಾದದ್ದು ಗಾಳಿಗೆ ಸಂಬಂಧಿಸಿದ ವೇಗವೇ ಹೊರತು ನೆಲಕ್ಕೆ ಸಂಬಂಧಿಸಿದ ವೇಗವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ವಿಮಾನದ ಗಾಳಿವೇಗ 260 ಕಿಲೋಮೀಟರ್ ಇದ್ದು, ಎದುರಿನಿಂದ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ, ನೆಲದ ಮೇಲೆ ನಿಂತವನ ಲೆಕ್ಕಕ್ಕೆ ಅದು 220 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ. ಹಾಗಾದರೆ ಎದುರುಗಾಳಿಯೇ 260 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ವಿಮಾನ ನೆಲದ ಒಂದೇ ಬಿಂದುವಿನ ಮೇಲೆ ನಿಂತಿರಬೇಕಲ್ಲವೇ ಎಂದರೆ, ತತ್ವದ ಮಟ್ಟಿಗೆ ಅದು ಸರಿ. ಆದರೆ ನೆಲಮಟ್ಟದಲ್ಲಿ ಆ ವೇಗದ ಗಾಳಿ ಬೀಸುವುದು ಅತಿ ಭೀಕರ ಚಂಡಮಾರುತಗಳಲ್ಲಿ ಮಾತ್ರ; ಅಂಥ ಹವೆಯಲ್ಲಿ ಯಾವ ಪ್ರಯಾಣಿಕ ವಿಮಾನಕ್ಕೂ ಇಳಿಯಲು ಅನುಮತಿ ಸಿಗದು. ಬಹು ಎತ್ತರದಲ್ಲಿ ಜೆಟ್ ಪ್ರವಾಹವೆಂಬ ಗಾಳಿಯ ಹೊಳೆ ಕೆಲವೊಮ್ಮೆ ಅಷ್ಟು ವೇಗವಾಗಿ ಹರಿಯುವುದುಂಟಾದರೂ, ಅಲ್ಲಿ ವಿಮಾನದ ವೇಗವೇ ಗಂಟೆಗೆ 850 ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ.

ಹಗುರವಾದ ಹಾರುಸಾಧನಗಳಿಗೆ ಈ ತತ್ವ ನಿಜಕ್ಕೂ ಅನ್ವಯಿಸುತ್ತದೆ ಎಂಬುದಕ್ಕೆ ಸ್ಯಾನ್ ಡಿಯಾಗೋದ ಉತ್ತರಕ್ಕೆ, ಲಾ ಹೋಯಾ ಬಳಿಯ ಟೋರಿ ಪೈನ್ಸ್ ಕಡಲದಂಡೆ ಸಾಕ್ಷಿ. ಸಮುದ್ರಕ್ಕೆ ಮುಖಮಾಡಿ ಸುಮಾರು ನೂರು ಮೀಟರ್ ಎತ್ತರಕ್ಕೆ ಕಡಿದಾಗಿ ನಿಂತ ಬಂಡೆಗೋಡೆಗೆ ಕಡಲಗಾಳಿ ಬಡಿದು ಮೇಲಕ್ಕೆ ತಿರುಗುತ್ತದೆ. ಆ ಮೇಲ್ಮುಖ ಗಾಳಿಯನ್ನು ಆಧರಿಸಿ ಅಲ್ಲಿ ಎಂಜಿನ್‌ರಹಿತ ಗ್ಲೈಡರ್‌ಗಳು ಸುಮಾರು ಒಂದು ಶತಮಾನದಿಂದ ಹಾರುತ್ತಿದ್ದು, 1930ರಲ್ಲಿ ಲಿಂಡ್‌ಬರ್ಗ್ ಕೂಡ ಈ ತೀರದ ಗುಂಟ ಗ್ಲೈಡರ್ ಹಾರಿಸಿದ್ದರು. ಇಂದು ಅಲ್ಲಿ ಬಟ್ಟೆಯ ರೆಕ್ಕೆಗೆ ಜೋತುಬಿದ್ದು ಹಾರುವ ಪ್ಯಾರಾಗ್ಲೈಡರ್‌ಗಳನ್ನು ಕಾಣಬಹುದು. ಅವುಗಳ ಹಾರಾಟದ ವೇಗವೇ ಗಂಟೆಗೆ 35 ಕಿಲೋಮೀಟರಿನಷ್ಟು. ಗಾಳಿಯೂ ಸರಿಸುಮಾರು ಅಷ್ಟೇ ವೇಗದಲ್ಲಿ ಎದುರಾದಾಗ ಹಾರುಗ ಬಂಡೆಯಂಚಿನ ಮೇಲೆ, ನೋಡುವವರ ಕಣ್ಣಿನ ಮಟ್ಟದಲ್ಲಿಯೇ, ನಿಜವಾಗಿಯೂ ನಿಂತಿರುತ್ತಾನೆ. ಪಕ್ಕದಲ್ಲಿ ಕಡಲಹಕ್ಕಿಗಳೂ ರೆಕ್ಕೆ ಬಡಿಯದೆ ಹಾಗೆಯೇ ನಿಂತಿರುತ್ತವೆ. ನೆಲಕ್ಕೆ ಹೋಲಿಸಿದರೆ ಅವು ಸ್ಥಿರ. ಗಾಳಿಗೆ ಹೋಲಿಸಿದರೆ ಎಡೆಬಿಡದೆ ಮುನ್ನುಗ್ಗುತ್ತಿರುವಂಥವು.

ನಿಲ್ಲುವ ವಿಮಾನಕ್ಕಾಗಿ ನಡೆದ ಸಾಹಸ

ಗಾಳಿಯಲ್ಲಿ ನಿಲ್ಲಬಲ್ಲ ವಿಮಾನವನ್ನು ಕಟ್ಟುವ ಪ್ರಯತ್ನಗಳ ಇತಿಹಾಸದಲ್ಲಿಯೂ ಸ್ಯಾನ್ ಡಿಯಾಗೋಗೆ ದೊಡ್ಡ ಸ್ಥಾನವಿದೆ. ಅಲ್ಲಿನ ಕಾನ್‌ವೇರ್ ಸಂಸ್ಥೆ ಅಮೆರಿಕದ ನೌಕಾಪಡೆಗಾಗಿ ತಯಾರಿಸಿದ 'ಪೋಗೋ' ಎಂಬ ವಿಮಾನ ಬಾಲದ ಮೇಲೆ ನೆಟ್ಟಗೆ ನಿಂತು, ಮೂತಿಯಲ್ಲಿದ್ದ ಎರಡು ಎದುರುಬದುರು ತಿರುಗುವ ದೊಡ್ಡ ಪ್ರೊಪೆಲ್ಲರ್‌ಗಳ ಬಲದಿಂದ ನೇರ ಮೇಲೇರುತ್ತಿತ್ತು. 1954ರ ನವೆಂಬರ್ 2ರಂದು ಪೈಲಟ್ ಜೇಮ್ಸ್ ಕೋಲ್‌ಮನ್ ಅದನ್ನು ನೆಟ್ಟಗೆ ಏರಿಸಿ, ಗಾಳಿಯಲ್ಲಿಯೇ ಬಾಗಿಸಿ ಸಾಮಾನ್ಯ ವಿಮಾನದಂತೆ ಹಾರಿಸಿ, ಮತ್ತೆ ನೆಟ್ಟಗೆ ಮಾಡಿ ಬಾಲದ ಮೇಲೆ ಇಳಿಸಿದರು. ಇಳಿಯುವಾಗ ಬೆನ್ನಡಿಯಾಗಿ ಮಲಗಿದಂಥ ಸ್ಥಿತಿಯಲ್ಲಿದ್ದು, ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ನೆಲ ಎಷ್ಟು ಕೆಳಗಿದೆಯೆಂದು ಅಂದಾಜು ಮಾಡಬೇಕಾಗಿದ್ದುದರಿಂದ ಅದು ಅಸಾಮಾನ್ಯ ಪೈಲಟ್‌ಗಳಿಗೆ ಮಾತ್ರ ಸಾಧ್ಯವಾದ ಕೆಲಸವಾಗಿತ್ತು, ಯೋಜನೆ ಮುಂದುವರಿಯಲಿಲ್ಲ.

ಅದೇ ನಗರದ ರಯಾನ್ ಸಂಸ್ಥೆ ತಯಾರಿಸಿದ ಎಕ್ಸ್–13 ವರ್ಟಿಜೆಟ್, ಪ್ರೊಪೆಲ್ಲರ್ ಬದಲು ಜೆಟ್ ಎಂಜಿನ್‌ನಿಂದಲೇ ಈ ಸಾಧನೆ ಮಾಡಿತು. 1957ರ ಏಪ್ರಿಲ್ 11ರಂದು ಲಾಸ್ ಏಂಜಲೀಸ್‌ನ ಉತ್ತರಕ್ಕಿರುವ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಪೀಟರ್ ಜಿರಾರ್ಡ್ ಅದನ್ನು ನೆಟ್ಟಗೆ ಏರಿಸಿ, ಅಡ್ಡಲಾಗಿ ಹಾರಿಸಿ, ನೆಟ್ಟಗೆ ಇಳಿಸಿದರು. ಅದರ ಎಂಜಿನ್‌ಗೆ ಸುಮಾರು 4,500 ಕಿಲೋ ಎತ್ತುವ ಬಲವಿದ್ದು, ಒಬ್ಬನೇ ಪೈಲಟ್ ಕೂರಬಹುದಾದ ಆ ಪುಟ್ಟ ವಿಮಾನದ ತೂಕ ಅದಕ್ಕಿಂತ ಸಾಕಷ್ಟು ಕಡಿಮೆಯಿತ್ತು. ನೂಕುಬಲ ತೂಕವನ್ನು ಮೀರಬೇಕು ಎಂಬ ನಿಯಮ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ತಯಾರಾದ ಎರಡು ಎಕ್ಸ್–13ಗಳಲ್ಲಿ ಒಂದನ್ನು ಇಂದು ಬಾಲ್ಬೋವಾ ಉದ್ಯಾನದ ವಾಯು ಮತ್ತು ಅಂತರಿಕ್ಷ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಪ್ರಯಾಣಿಕರನ್ನು ಹೊತ್ತು ನಿಲ್ಲಬಲ್ಲ ವಾಹನವೆಂದರೆ ಹೆಲಿಕಾಪ್ಟರ್. ಅದರ ರೆಕ್ಕೆಗಳು ತಲೆಯ ಮೇಲೆ ತಾವೇ ತಿರುಗಿ ಬೇಕಾದ ಗಾಳಿವೇಗವನ್ನು ಉಂಟುಮಾಡಿಕೊಳ್ಳುವುದರಿಂದ, ಒಡಲು ನಿಂತಿದ್ದರೂ ರೆಕ್ಕೆ ಓಡುತ್ತಲೇ ಇರುತ್ತದೆ. ಲಾಸ್ ಏಂಜಲೀಸ್ ಏರ್‌ವೇಸ್ ಎಂಬ ಸಂಸ್ಥೆ 1947ರಲ್ಲಿ ಹೆಲಿಕಾಪ್ಟರ್‌ನಲ್ಲಿ ಅಂಚೆ ಸಾಗಿಸಲು ತೊಡಗಿ, 1950ರ ದಶಕದಿಂದ ಪ್ರಯಾಣಿಕರನ್ನೂ ಒಯ್ಯುತ್ತ, ವಿಮಾನ ನಿಲ್ದಾಣದಿಂದ ಡಿಸ್ನಿಲ್ಯಾಂಡ್‌ವರೆಗೆ ನಿಯತವಾಗಿ ಹಾರಾಟ ನಡೆಸುತ್ತಿತ್ತು. ಆದರೆ 1968ರ ಮೇ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡೆದ ಎರಡು ಅಪಘಾತಗಳಲ್ಲಿ ಒಟ್ಟು 44 ಜನ ಮೃತಪಟ್ಟ ಮೇಲೆ ಅದು ಚೇತರಿಸಿಕೊಳ್ಳಲಿಲ್ಲ. ಜರ್ಮನಿಯ ಡೋರ್ನಿಯರ್ ಸಂಸ್ಥೆ 1967ರಲ್ಲಿ ಹಾರಿಸಿದ ಡಿಒ–31 ಎಂಬ ಸಾಗಣೆ ವಿಮಾನ ನಿಜವಾಗಿಯೂ ಗಾಳಿಯಲ್ಲಿ ನಿಲ್ಲುತ್ತಿತ್ತು. ಅದಕ್ಕೆ ಬೇಕಾದದ್ದು ಹತ್ತು ಎಂಜಿನ್‌ಗಳು, ಅವುಗಳಲ್ಲಿ ಎಂಟು ಮೇಲೆತ್ತುವುದಕ್ಕೆಂದೇ ಇದ್ದಂಥವು. ಅಷ್ಟು ತೂಕ ಮತ್ತು ಇಂಧನವನ್ನು ಹೊತ್ತು ಲಾಭದಿಂದ ಪ್ರಯಾಣಿಕರನ್ನು ಸಾಗಿಸುವುದು ಸಾಧ್ಯವಿರಲಿಲ್ಲ.

ಸ್ಯಾನ್ ಡಿಯಾಗೋದ ಉತ್ತರಕ್ಕಿರುವ ಮಿರಾಮಾರ್ ಸೇನಾನೆಲೆಯಲ್ಲಿ ಆಸ್ಪ್ರೇ ಎಂಬ ವಿಮಾನಗಳಿವೆ. ರೆಕ್ಕೆಯ ತುದಿಗಳಲ್ಲಿರುವ, ಹನ್ನೊಂದೂವರೆ ಮೀಟರಿಗೂ ಹೆಚ್ಚು ವ್ಯಾಸದ ರೋಟರ್‌ಗಳನ್ನು ಮೇಲ್ಮುಖವಾಗಿ ತಿರುಗಿಸಿಕೊಂಡಾಗ ಅವು ಹೆಲಿಕಾಪ್ಟರ್‌ನಂತೆ ನಿಲ್ಲುತ್ತವೆ, ಮುಂದಕ್ಕೆ ಬಾಗಿಸಿದಾಗ ವಿಮಾನದಂತೆ ಹಾರುತ್ತವೆ. ಹೀಗೆ ನಿಜವಾಗಿ ನಿಲ್ಲುವ ಯಂತ್ರಗಳೂ ನಿಂತಂತೆ ತೋರುವ ಯಂತ್ರಗಳೂ ಒಂದೇ ಆಕಾಶದಲ್ಲಿ ಕಾಣಸಿಗುವುದರಿಂದ ಅಲ್ಲಿನ ನೋಡುಗರಿಗೆ ಗೊಂದಲವಾದರೆ ಅದು ತಪ್ಪಲ್ಲ. ಕರ್ನಾಟಕದವರಿಗೆ ಈ ವ್ಯತ್ಯಾಸ ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಕಾಣಸಿಗುತ್ತದೆ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಧ್ರುವ ಹೆಲಿಕಾಪ್ಟರ್ ಕಣ್ಣೆದುರು ನಿಂತು ತೋರಿಸುವುದನ್ನು ಯಾವ ಪ್ರಯಾಣಿಕ ವಿಮಾನವೂ ಮಾಡಲಾರದು.

ಕಣ್ಣು ವೇಗವನ್ನು ಅಳೆಯುವ ಬಗೆ

ಹಾಗಿದ್ದರೂ ವಿಮಾನ ನಿಂತಂತೆ ಏಕೆ ತೋರುತ್ತದೆ? ಕಣ್ಣಿಗೆ ವೇಗವನ್ನು ನೇರವಾಗಿ ಅಳೆಯುವ ಶಕ್ತಿಯಿಲ್ಲ; ವಸ್ತುವೊಂದು ದೃಷ್ಟಿಯಲ್ಲಿ ಎಷ್ಟು ಕೋನದಷ್ಟು ಸರಿಯಿತು, ತನ್ನ ಗಾತ್ರಕ್ಕೆ ಹೋಲಿಸಿದರೆ ಎಷ್ಟು ಸರಿಯಿತು, ಸುತ್ತಲಿನ ಗುರುತುಗಳಿಗೆ ಹೋಲಿಸಿದರೆ ಎಷ್ಟು ಸರಿಯಿತು ಎಂಬುದರಿಂದಲೇ ಅದು ವೇಗವನ್ನು ಊಹಿಸುತ್ತದೆ. ಈ ಮೂರರಲ್ಲಿ ಪ್ರತಿಯೊಂದೂ ಮೋಸಹೋಗಬಲ್ಲದು.

ಮೊದಲನೆಯದು ಎದುರುಬರುವ ವಿಮಾನದ ಸಂಗತಿ. ರನ್‌ವೇಯ ತುದಿಯ ಬಳಿ ನಿಂತವನಿಗೆ, ಮೂರು ಡಿಗ್ರಿ ಇಳಿಜಾರಿನಲ್ಲಿ ನೇರವಾಗಿ ಬರುತ್ತಿರುವ ವಿಮಾನ ಎಡಕ್ಕಾಗಲಿ ಬಲಕ್ಕಾಗಲಿ ಸರಿಯುವುದಿಲ್ಲ. ದೂರ ಮತ್ತು ಎತ್ತರ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ದಿಗಂತದಿಂದ ಅದರ ಕೋನವೂ ಬದಲಾಗುವುದಿಲ್ಲ. ಬದಲಾಗುವುದು ಗಾತ್ರವೊಂದೇ. ಸುಮಾರು 36 ಮೀಟರ್ ಅಗಲದ ರೆಕ್ಕೆಯುಳ್ಳ ವಿಮಾನ 15 ಕಿಲೋಮೀಟರ್ ದೂರದಲ್ಲಿ ಚಂದ್ರಬಿಂಬದ ಕಾಲು ಭಾಗದಷ್ಟು ಅಗಲವಾಗಿ ಕಾಣುತ್ತದೆ; ಅದು ಅದರ ಇಮ್ಮಡಿ ಗಾತ್ರಕ್ಕೆ ಬೆಳೆಯಲು ದೂರ ಅರ್ಧವಾಗಬೇಕು, ಅದಕ್ಕೆ ಹೆಚ್ಚುಕಡಿಮೆ ಒಂದು ಮುಕ್ಕಾಲು ನಿಮಿಷ ಹಿಡಿಯುತ್ತದೆ. ಅಷ್ಟು ನಿಧಾನದ ಬೆಳವಣಿಗೆಯನ್ನು ಕಣ್ಣು ಗುರುತಿಸದು. ರಾತ್ರಿಯಲ್ಲಂತೂ ಗಾತ್ರವೂ ಕಾಣದೆ ದೀಪದ ಬಿಂದುವೊಂದೇ ಉಳಿಯುತ್ತದೆ.

ಎರಡನೆಯದು ಗಾತ್ರದ ಭ್ರಮೆ. ಸುಮಾರು ನಾಲ್ಕೂವರೆ ಮೀಟರ್ ಉದ್ದದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ಸೆಕೆಂಡಿಗೆ ತನ್ನ ಉದ್ದದ ಆರು ಪಟ್ಟು ದೂರ ಸಾಗುತ್ತದೆ. ಸುಮಾರು 73 ಮೀಟರ್ ಉದ್ದದ ಏರ್‌ಬಸ್ ಎ380 ಅದಕ್ಕಿಂತ ಎರಡೂವರೆ ಪಟ್ಟು ವೇಗದಲ್ಲಿದ್ದರೂ ಸೆಕೆಂಡಿಗೆ ತನ್ನ ಉದ್ದದಷ್ಟೇ ಸರಿಯುತ್ತದೆ. ಕಣ್ಣಿಗೆ ಕಾರು ಧಾವಿಸಿದಂತೆ, ವಿಮಾನ ತೇಲಿದಂತೆ ತೋರುವುದು ಇದರಿಂದಲೇ. ಈ ದೈತ್ಯ ವಿಮಾನ 2007ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ ಬಂದಿಳಿದ ಅಮೆರಿಕದ ನಿಲ್ದಾಣಗಳಲ್ಲಿ ಲಾಸ್ ಏಂಜಲೀಸ್ ಒಂದಾಗಿದ್ದು, ಅಲ್ಲಿ ಇಂಥ ನೋಟ ಹೊಸದಲ್ಲ.

ಮೂರನೆಯದು ನೋಡುಗನ ಚಲನೆಯಿಂದ ಉಂಟಾಗುವಂಥದು, ಫ್ರೀವೇಯಲ್ಲಿ ಅತ್ಯಂತ ಬಲವಾಗಿ ಕಾಣುವಂಥದು. 105ನೆಯ ಫ್ರೀವೇಯಲ್ಲಿ ಕಾರೊಂದು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿದೆ ಎಂದಿಟ್ಟುಕೊಳ್ಳೋಣ. ರಸ್ತೆಯಿಂದ 500 ಮೀಟರ್ ದೂರದ ಕಟ್ಟಡ ಕಾರಿನವನ ಕಣ್ಣಿಗೆ 100 ಕಿಲೋಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ಅದೇ ದಿಕ್ಕಿನಲ್ಲಿ 1,800 ಮೀಟರ್ ದೂರದಲ್ಲಿ ಪಶ್ಚಿಮಕ್ಕೆ 260 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿರುವ ವಿಮಾನ, ಕಾರಿನ ವೇಗವೂ ಕೂಡಿ, 360 ಕಿಲೋಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ವಿಮಾನದ ವೇಗ 3.6 ಪಟ್ಟು, ದೂರವೂ 3.6 ಪಟ್ಟು, ಆದ್ದರಿಂದ ಎರಡೂ ಒಂದೇ ಕೋನವೇಗದಲ್ಲಿ ಸರಿದು, ಕಟ್ಟಡದ ಮಾಡಿಗೆ ವಿಮಾನವನ್ನು ಮೊಳೆ ಹೊಡೆದಂತೆ ಕಾಣುತ್ತದೆ. ಕಟ್ಟಡ ನಿಂತಿದೆಯೆಂಬುದು ಮನಸ್ಸಿಗೆ ಗೊತ್ತಿರುವುದರಿಂದ, ಅದರ ಜೊತೆಗಿರುವ ವಿಮಾನವೂ ನಿಂತಿದೆಯೆಂದು ಮನಸ್ಸು ತೀರ್ಮಾನಿಸುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ಕಡಲ ಕಡೆಯಿಂದ ಬರುವ, ಸ್ಥಳೀಯರು ಜೂನ್ ಗ್ಲೂಮ್ ಎನ್ನುವ ತಗ್ಗುಮೋಡ ಇಡೀ ಆಕಾಶವನ್ನು ಒಂದೇ ಬೂದುಬಣ್ಣವಾಗಿಸಿದಾಗ, ಹಿನ್ನೆಲೆಯಲ್ಲಿ ಬೇರೆ ಗುರುತೇ ಇಲ್ಲದೆ ಭ್ರಮೆ ಇನ್ನಷ್ಟು ಗಟ್ಟಿಯಾಗುತ್ತದೆ.

ಕದಲದೆ ಕಾಣುವ ಅಪಾಯ

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಕುತೂಹಲದ ವಿಷಯವಾಗಿ ಉಳಿಯುತ್ತಿತ್ತು. ಆದರೆ ಎರಡು ವಿಮಾನಗಳು ನೇರ ಹಾದಿಯಲ್ಲಿ, ಬದಲಾಗದ ವೇಗದಲ್ಲಿ ಸಾಗಿ ಒಂದೇ ಕ್ಷಣದಲ್ಲಿ ಒಂದೇ ಬಿಂದುವನ್ನು ತಲುಪುವಂತಿದ್ದರೆ, ಒಂದರಿಂದ ಇನ್ನೊಂದರ ದಿಕ್ಕು ಕೊನೆಯವರೆಗೂ ಬದಲಾಗುವುದಿಲ್ಲ ಎಂಬುದು ರೇಖಾಗಣಿತದ ಸತ್ಯ. ಅಂದರೆ ಡಿಕ್ಕಿ ಹೊಡೆಯಲಿರುವ ವಿಮಾನವೇ ಪೈಲಟ್‌ನ ಗಾಜಿನಲ್ಲಿ ಕದಲದೆ ಒಂದೇ ಕಡೆ ಕಾಣುವಂಥದು. ತಪ್ಪಿಹೋಗಲಿರುವುದು ಮಾತ್ರ ಗಾಜಿನ ಮೇಲೆ ಸರಿಯುತ್ತದೆ. ಕಣ್ಣನ್ನು ಸೆಳೆಯುವುದು ಚಲನೆಯಾದ್ದರಿಂದ, ಅಪಾಯಕಾರಿಯಾದುದೇ ಕಣ್ಣಿಗೆ ಬೀಳದೆ ಹೋಗುತ್ತದೆ. ನಾವಿಕರು ಇದನ್ನು ಬಹುಕಾಲದಿಂದ ಬಲ್ಲರು; ಎದುರಿನ ಹಡಗಿನ ದಿಕ್ಕು ಬದಲಾಗದಿದ್ದರೆ ಡಿಕ್ಕಿಯ ಅಪಾಯವಿದೆಯೆಂದೇ ಭಾವಿಸಬೇಕೆಂದು ಅಂತರರಾಷ್ಟ್ರೀಯ ನೌಕಾ ನಿಯಮ ಹೇಳುತ್ತದೆ.

1978ರ ಸೆಪ್ಟೆಂಬರ್ 25ರ ಬೆಳಿಗ್ಗೆ, ಲಾಸ್ ಏಂಜಲೀಸ್ ಮೂಲಕ ಸ್ಯಾನ್ ಡಿಯಾಗೋಗೆ ಇಳಿಯಲು ಬರುತ್ತಿದ್ದ ಪಿಎಸ್‌ಎ ಸಂಸ್ಥೆಯ ಬೋಯಿಂಗ್ 727 ವಿಮಾನ, ತನ್ನ ಮುಂದೆ ತುಸು ಕೆಳಗೆ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ಹೋಗುತ್ತಿದ್ದ ಸೆಸ್ನಾ 172 ಎಂಬ ಪುಟ್ಟ ವಿಮಾನಕ್ಕೆ ಬಡಿದು ನಾರ್ತ್ ಪಾರ್ಕ್ ಬಡಾವಣೆಯ ಮೇಲೆ ಬಿದ್ದಿತು. ದೊಡ್ಡ ವಿಮಾನದಲ್ಲಿದ್ದ 135 ಮಂದಿ, ಸೆಸ್ನಾದಲ್ಲಿದ್ದ ಇಬ್ಬರು, ನೆಲದ ಮೇಲಿದ್ದ ಏಳು ಮಂದಿ, ಒಟ್ಟು 144 ಜನ ಸತ್ತರು. ಸೆಸ್ನಾ ಇರುವ ಸಂಗತಿಯನ್ನು ನಿಯಂತ್ರಕರು ತಿಳಿಸಿದ್ದರು. ಪೈಲಟ್‌ಗಳು ಅದನ್ನು ಒಮ್ಮೆ ಕಂಡು, ಬಳಿಕ ಕಣ್ಣಿಂದ ಕಳೆದುಕೊಂಡಿದ್ದರು. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್ ಊರಿನ ಮೇಲೆ ಏರೋಮೆಕ್ಸಿಕೋದ ಡಿಸಿ–9 ವಿಮಾನಕ್ಕೂ ಒಂದು ಸಣ್ಣ ಪೈಪರ್ ವಿಮಾನಕ್ಕೂ ಡಿಕ್ಕಿಯಾಗಿ, ಎರಡರಲ್ಲಿದ್ದ 67 ಮಂದಿಯ ಜೊತೆಗೆ ನೆಲದ ಮೇಲಿದ್ದ 15 ಮಂದಿಯೂ ಸತ್ತರು. ಎರಡೂ ದಿನ ಆಕಾಶ ತಿಳಿಯಾಗಿತ್ತು, ಬೆಳಕು ಚೆನ್ನಾಗಿತ್ತು.

'ನೋಡಿ ತಪ್ಪಿಸಿಕೊಳ್ಳುವುದು' ಎಂಬ ಹಳೆಯ ಪದ್ಧತಿಯನ್ನೇ ನಂಬಿರಲಾಗದು ಎಂಬುದು ಈ ದುರಂತಗಳಿಂದ ದೃಢವಾಯಿತು. 1987ರಲ್ಲಿ ಅಮೆರಿಕದ ಸಂಸತ್ತು ಪ್ರಯಾಣಿಕ ವಿಮಾನಗಳಿಗೆ ಟೀಕ್ಯಾಸ್ ಎಂಬ ಡಿಕ್ಕಿ ತಡೆ ಉಪಕರಣವನ್ನು ಕಡ್ಡಾಯಗೊಳಿಸುವ ಕಾನೂನು ಮಾಡಿತು. 1993ರ ಕೊನೆಯ ಹೊತ್ತಿಗೆ ಅದು ಅಲ್ಲಿನ ದೊಡ್ಡ ವಿಮಾನಗಳಲ್ಲೆಲ್ಲ ಜಾರಿಗೆ ಬಂದಿತು. ಈ ಉಪಕರಣ ಸುತ್ತಲಿನ ವಿಮಾನಗಳಿಗೆ ರೇಡಿಯೋ ಸಂಕೇತ ಕಳುಹಿಸಿ, ಅವು ಮರಳಿಸುವ ಉತ್ತರದಿಂದ ದೂರ, ಎತ್ತರಗಳನ್ನು ಲೆಕ್ಕಹಾಕಿ, ಅಪಾಯ ಸಮೀಪಿಸಿದರೆ ಒಂದು ವಿಮಾನಕ್ಕೆ ಏರಲು, ಇನ್ನೊಂದಕ್ಕೆ ಇಳಿಯಲು ಧ್ವನಿಯಲ್ಲಿಯೇ ಆಜ್ಞೆ ಕೊಡುತ್ತದೆ. ಭಾರತದಲ್ಲಿ ಇದು ಕಡ್ಡಾಯವಾದದ್ದು, 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಹೊಡೆದು 349 ಜನ ಸತ್ತ ನಂತರ.

ಈ ಪಾಠ ಆಕಾಶಕ್ಕಷ್ಟೇ ಸೀಮಿತವಾದುದಲ್ಲ. ಅಮೆರಿಕದ ಮನೋವಿಜ್ಞಾನಿ ಹರ್ಷೆಲ್ ಲೀಬೊವಿಟ್ಸ್ 1985ರಲ್ಲಿ, ದೊಡ್ಡ ವಿಮಾನ ನಿಧಾನವಾಗಿ ತೋರುವ ಕಾರಣದಿಂದಲೇ ದೊಡ್ಡ ರೈಲೂ ನಿಧಾನವಾಗಿ ತೋರುತ್ತದೆ, ರೈಲ್ವೆ ಕ್ರಾಸಿಂಗ್‌ಗಳಲ್ಲಿ ವಾಹನ ಚಾಲಕರು ತಪ್ಪು ಅಂದಾಜು ಮಾಡುವುದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ವಾದಿಸಿದರು. ಹಳಿಯ ಹತ್ತಿರ ನಿಂತು ನೋಡಿದರೆ ಎದುರಿನಿಂದ ಬರುವ ರೈಲು ಎಡಬಲಕ್ಕೆ ಸರಿಯದೆ, ದೂರದಲ್ಲೇ ನಿಂತಂತೆ ಕಾಣುತ್ತದೆ. ಹತ್ತಿರವಾಗಿ ದೊಡ್ಡದೆನಿಸುವಷ್ಟರಲ್ಲಿ ದಾಟಲು ಸಮಯ ಉಳಿದಿರುವುದಿಲ್ಲ. ಆದ್ದರಿಂದ ವಿಮಾನವು ನಿಂತಂತೆ ಕಂಡಾಗ ಅದನ್ನು ನೋಡಿ ಸಂತೋಷಪಡಬಹುದು, ಕಾರು ಓಡಿಸುತ್ತಿರುವವರು ಮಾತ್ರ ರಸ್ತೆಯಿಂದ ಕಣ್ಣು ತೆಗೆಯಬಾರದು. ರೈಲು ನಿಂತಂತೆ ಅಥವಾ ನಿಧಾನವಾಗಿ ಬರುವಂತೆ ಕಂಡಾಗ ಯಾರೂ ಕಣ್ಣಿನ ಅಂದಾಜನ್ನು ನಂಬಿ ಹಳಿ ದಾಟಬಾರದು. ಗೇಟು ತೆರೆಯುವವರೆಗೆ ಅಥವಾ ರೈಲು ಪೂರ್ತಿ ಹೋಗುವವರೆಗೆ ಕಾಯುವ ಎರಡು ನಿಮಿಷ ಒಂದು ಜೀವಕ್ಕಿಂತ ದೊಡ್ಡದಲ್ಲ.